ಎಲ್ಲರೂ ಹೊಗಳಿದ ಕಾದಂಬರಿ, ಓಡುವ ನಮಗಾದ ನಿರಾಸೆ



ಓಟದ ಬಗ್ಗೆ ಒಂದು ಒಳ್ಳೆಯ ಕಾದಂಬರಿ ಹೇಳಿ ಎಂದು ಓಡುವವರನ್ನು ಕೇಳಿದರೆ ಹೆಚ್ಚಿನವರು ಹೇಳುವ ಹೆಸರು 'ವನ್ಸ್ ಎ ರನ್ನರ್'. ಬರೆದವರು ಅಮೆರಿಕದ ಜಾನ್ ಎಲ್. ಪಾರ್ಕರ್. 1978ರಲ್ಲಿ ಅವರೇ ಅಚ್ಚು ಹಾಕಿಸಿ, ಓಟದ ಸ್ಪರ್ಧೆ ನಡೆಯುವಲ್ಲಿಗೆ ಹೋಗಿ, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರಿದ ಪುಸ್ತಕ ಇದು. ಕೈಯಿಂದ ಕೈಗೆ ದಾಟುತ್ತಾ ಹೆಸರು ಮಾಡಿತು. ಅಚ್ಚು ನಿಂತ ವರ್ಷಗಳಲ್ಲಿ ಹಳೆಯ ಪ್ರತಿಗಳಿಗೇ ದುಬಾರಿ ಬೆಲೆ ಬಂತು. 2009ರಲ್ಲಿ ಸ್ಕ್ರಿಬ್ನರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಮತ್ತೆ ಪ್ರಕಟಿಸಿತು. ಓಟಕ್ಕೆಂದೇ ಇರುವ 'ರನ್ನರ್ಸ್ ವರ್ಲ್ಡ್' ಪತ್ರಿಕೆ ಓಟದ ಬಗ್ಗೆ ಬಂದ ಕಾದಂಬರಿಗಳಲ್ಲಿ ಇದೇ ಅತ್ಯುತ್ತಮ ಎಂದು ಹೊಗಳಿತು.

ನಮ್ಮ ಯುವಕೂಟದಲ್ಲಿ ಬೆಳಿಗ್ಗೆ ಓಡುವವರು ಏಳೆಂಟು ಮಂದಿ ಇದ್ದೇವೆ. ಇಷ್ಟು ಹೊಗಳಿಕೆ ಕೇಳಿದ ಮೇಲೆ ಓದದೆ ಇರಲು ಆಗಲಿಲ್ಲ. ಇಂಗ್ಲಿಷ್ ಸ್ವಲ್ಪ ಗಟ್ಟಿಯೇ ಇದೆ. ಆದರೂ ಒಬ್ಬರಿಗೊಬ್ಬರು ಅರ್ಥ ಹೇಳಿಕೊಳ್ಳುತ್ತಾ ಓದಿ ಮುಗಿಸಿದೆವು. ಮುಗಿಸಿದಾಗ ನಮಗೆ ನಿರಾಸೆಯಾಯಿತು. ಲೋಕವೆಲ್ಲ ಮೆಚ್ಚಿದ್ದನ್ನು ಮೆಚ್ಚಲಿಲ್ಲ ಎಂದರೆ ಕಾರಣ ಹೇಳಬೇಕಲ್ಲ, ಅದಕ್ಕೇ ಈ ಬರಹ.

ಕತೆ ಇಷ್ಟು. ಕ್ವೆಂಟನ್ ಕ್ಯಾಸಿಡಿ ಫ್ಲಾರಿಡಾದ ಒಂದು ಕಲ್ಪಿತ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಒಂದು ಮೈಲಿ ಓಟಗಾರ. ವಿಯೆಟ್ನಾಂ ಯುದ್ಧದ ಕಾಲ. ಕ್ರೀಡಾಪಟುಗಳ ಉಡುಪು, ಕೂದಲಿನ ಬಗ್ಗೆ ಆಡಳಿತ ಹೇರಿದ ನಿಯಮವನ್ನು ವಿರೋಧಿಸುವುದರಲ್ಲಿ ಮುಂದೆ ನಿಂತ ಕಾರಣಕ್ಕೆ ಅವನನ್ನು ತಂಡದಿಂದ ಹೊರಗಿಡುತ್ತಾರೆ. ಒಲಿಂಪಿಕ್ ಚಿನ್ನ ಗೆದ್ದ ಬ್ರೂಸ್ ಡೆಂಟನ್ ಎಂಬ ಹಿರಿಯ ಓಟಗಾರ ಅವನಿಗೆ ದಾರಿ ತೋರಿಸುತ್ತಾನೆ. ಕ್ಯಾಸಿಡಿ ಓದು ಬಿಟ್ಟು, ಪ್ರೀತಿಸಿದ ಹುಡುಗಿಯನ್ನು ಬಿಟ್ಟು, ಕಾಡಿನ ನಡುವಿನ ಒಂದು ಮನೆಯಲ್ಲಿ ಒಬ್ಬನೇ ಇದ್ದುಕೊಂಡು ಓಡುತ್ತಾನೆ. ಕೊನೆಗೆ ಫಿನ್ಲೆಂಡಿನ ಓಟಗಾರನ ವೇಷದಲ್ಲಿ ಸ್ಪರ್ಧೆಗೆ ಇಳಿದು ನ್ಯೂಜಿಲೆಂಡಿನ ಪ್ರಖ್ಯಾತ ಓಟಗಾರನನ್ನು ಸೋಲಿಸುತ್ತಾನೆ.

ಮೆಚ್ಚಬೇಕಾದುದನ್ನು ಮೊದಲು ಮೆಚ್ಚಿಬಿಡುತ್ತೇವೆ. ಪಾರ್ಕರ್ ಸ್ವತಃ ಓಟಗಾರರು, ಫ್ಲಾರಿಡಾ ವಿಶ್ವವಿದ್ಯಾಲಯಕ್ಕಾಗಿ ಓಡಿದವರು. ಆದ್ದರಿಂದ ಅಭ್ಯಾಸದ ಬೇಸರ ಅವರಿಗೆ ಗೊತ್ತು. ದಿನವೂ ಅದೇ ದಾರಿ, ಅದೇ ಬೆವರು, ಮಳೆ ಬಂದರೂ ಬಿಸಿಲು ಬಂದರೂ ತಪ್ಪದ ಲೆಕ್ಕ. ಗೆಲುವು ಸ್ಪರ್ಧೆಯ ದಿನ ಬರುವುದಿಲ್ಲ, ಯಾರೂ ನೋಡದ ನೂರಾರು ಬೆಳಿಗ್ಗೆಗಳಲ್ಲಿ ಬರುತ್ತದೆ ಎಂಬ ಮಾತನ್ನು ಅವರು ಚೆನ್ನಾಗಿ ತೋರಿಸಿದ್ದಾರೆ. ಒಂದು ಮೈಲಿಯ ನಾಲ್ಕು ಸುತ್ತುಗಳಲ್ಲಿ ಓಟಗಾರನ ಮೈಯಲ್ಲೂ ಮನಸ್ಸಿನಲ್ಲೂ ಏನಾಗುತ್ತದೆ ಎಂದು ಬರೆದ ಪುಟಗಳನ್ನು ನಾವು ಎರಡೆರಡು ಸಲ ಓದಿದೆವು.

ಆದರೆ ನಮ್ಮ ತಕರಾರು ಮೂರು.

ಒಂದು, ಈ ಕಾದಂಬರಿ ಓಡುವವರನ್ನು ಒಂದು ಮೇಲುಜಾತಿ ಮಾಡಿಬಿಡುತ್ತದೆ. ವೇಗವಾಗಿ ಓಡುವ ಕೆಲವರಿಗೆ ಮಾತ್ರ ತಿಳಿದ ಏನೋ ಒಂದು ಇದೆ, ಉಳಿದವರಿಗೆ ಅದು ಅರ್ಥವಾಗದು ಎಂಬ ಧೋರಣೆ ಪುಸ್ತಕದ ಉದ್ದಕ್ಕೂ ಇದೆ. ಓಡದವರು ಇಲ್ಲಿ ದಡ್ಡರೋ ದರ್ಪದವರೋ ಆಗಿರುತ್ತಾರೆ. ನಮ್ಮಲ್ಲಿ ಐದು ಕಿಲೋಮೀಟರ್ ದೂರವನ್ನು ಹದಿನೆಂಟು ನಿಮಿಷದಲ್ಲಿ ಓಡುವವರಿದ್ದಾರೆ, ನಲವತ್ತು ನಿಮಿಷ ತೆಗೆದುಕೊಳ್ಳುವವರೂ ಇದ್ದಾರೆ. ಸಕ್ಕರೆ ಕಾಯಿಲೆ ಬಂತೆಂದು ಐವತ್ತು ದಾಟಿದ ಮೇಲೆ ಓಡಲು ಶುರುಮಾಡಿದ ಮಾಮ ಒಬ್ಬರಿದ್ದಾರೆ. ಅವರಿಗೆ ಬರುವ ಏದುಸಿರು ಸುಳ್ಳೇ? ಕೊನೆಯ ಏರು ಹತ್ತುವಾಗ ಅವರ ಮನಸ್ಸು ಪಡುವ ಪಾಡು ಕ್ಯಾಸಿಡಿಯದಕ್ಕಿಂತ ಕಡಿಮೆಯೇ? ಕಾದಂಬರಿಯಲ್ಲಿ ಅಂಥವರಿಗೆ ಜಾಗವಿಲ್ಲ.

ಎರಡು, ನೋವನ್ನೇ ದೊಡ್ಡದು ಮಾಡುವುದು. ಕಾದಂಬರಿಯ ಅತಿ ಪ್ರಸಿದ್ಧ ಭಾಗದಲ್ಲಿ ಕ್ಯಾಸಿಡಿ ಒಂದೇ ದಿನ ಕಾಲು ಮೈಲಿಯ ವೇಗದ ಓಟವನ್ನು 60 ಸಲ ಓಡುತ್ತಾನೆ. ವೇಗದ ಓಟವೇ ಒಟ್ಟು 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್. ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಇಂಥದ್ದನ್ನು ಓದಿದ ಹದಿನೇಳರ ಹುಡುಗ ಏನು ಮಾಡುತ್ತಾನೆ? ನಮ್ಮ ಕೂಟದ ಒಬ್ಬ ತಮ್ಮ ಏನು ಮಾಡಿದ ಎಂದು ಹೇಳುತ್ತೇವೆ. ಎಲ್ಲರ ಜೊತೆ ಓಡಿದರೆ ನಿಧಾನವಾಗುತ್ತದೆ ಎಂದು ಒಬ್ಬನೇ ಓಡತೊಡಗಿದ. ಸಂಜೆ ಶಾಲೆಯ ಮೈದಾನದಲ್ಲಿ ಸುತ್ತಿನ ಮೇಲೆ ಸುತ್ತು. ಕಾಲಿನ ಎಲುಬು ನೋಯತೊಡಗಿದರೂ ಯಾರಿಗೂ ಹೇಳಲಿಲ್ಲ, ನೋವು ತಡೆಯುವವನೇ ನಿಜವಾದ ಓಟಗಾರ ಎಂದು ತಿಳಿದಿದ್ದ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ ಎಂದು ಡಾಕ್ಟರ್ ಹೇಳಿ ಎರಡು ತಿಂಗಳು ಓಡುವುದನ್ನೇ ನಿಲ್ಲಿಸಿದರು. ಇದಕ್ಕೆಲ್ಲ ಪುಸ್ತಕವೇ ಕಾರಣ ಎನ್ನುವಷ್ಟು ದೂರ ನಾವು ಹೋಗುವುದಿಲ್ಲ. ಆದರೆ ದಣಿದಾಗ ನಿಲ್ಲುವುದೂ ಅಭ್ಯಾಸದ ಒಂದು ಭಾಗ, ವಿಶ್ರಾಂತಿಯಲ್ಲೇ ಸ್ನಾಯು ಬಲವಾಗುತ್ತದೆ ಎಂಬ ಸಾದಾ ಮಾತು ಇಂಥ ಕತೆಯ ಅಬ್ಬರದಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಮೂರು, ನಮ್ಮ ಅಕ್ಕ ತಂಗಿಯರು ಈ ಪುಸ್ತಕದಲ್ಲಿ ತಮ್ಮನ್ನು ಹುಡುಕಿ ಸಿಗದೆ ಸುಮ್ಮನಾದರು. ಕ್ಯಾಸಿಡಿಯ ಗೆಳತಿ ಆಂಡ್ರಿಯಾ ಬರುವುದು ಅವನನ್ನು ಮೆಚ್ಚಿಕೊಳ್ಳಲಿಕ್ಕೆ, ಪ್ರಶ್ನೆ ಕೇಳಲಿಕ್ಕೆ, ಕೊನೆಗೆ ಅವನು ಏನನ್ನು ತ್ಯಾಗ ಮಾಡಿದ ಎಂದು ತೋರಿಸಲಿಕ್ಕೆ. ಅದು ಆ ಕಾಲ, ಹಾಗೇ ಇತ್ತು ಎನ್ನುತ್ತೀರಾ? ಅದೇ ಕಾಲದಲ್ಲಿ ಹೆಣ್ಣುಮಕ್ಕಳು ಓಡುವ ಹಕ್ಕಿಗಾಗಿ ಹೋರಾಡುತ್ತಿದ್ದರು. ಬೋಸ್ಟನ್ ಮ್ಯಾರಥಾನ್‌ನಲ್ಲಿ ಮಹಿಳೆಯರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 1500 ಮೀಟರ್ ಓಟ ಮೊದಲು ನಡೆದದ್ದೂ ಅದೇ ವರ್ಷ, ಮ್ಯೂನಿಕ್‌ನಲ್ಲಿ. ಮಹಿಳಾ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬರಲು 1984ರವರೆಗೆ ಕಾಯಬೇಕಾಯಿತು. ಅಷ್ಟು ದೊಡ್ಡ ಓಟ ಹೊರಗೆ ನಡೆಯುತ್ತಿರುವಾಗ ಕಾದಂಬರಿಯ ಕಣ್ಣು ಒಬ್ಬ ಹುಡುಗನ ಮೇಲಿಂದ ಕದಲುವುದೇ ಇಲ್ಲ.

ಈ ಮೂರರ ಹಿಂದೆ ಇರುವುದು ಒಂದೇ ಕಲ್ಪನೆ: ಶ್ರೇಷ್ಠ ಓಟಗಾರ ಒಂಟಿ. ನಮಗೆ ಒಪ್ಪಿಗೆಯಾಗದೆ ಇದ್ದದ್ದು ಇದೇ. ಕಾದಂಬರಿಯೊಳಗೇ ನೋಡಿ, ಡೆಂಟನ್ ಇಲ್ಲದಿದ್ದರೆ ಕ್ಯಾಸಿಡಿ ಇಲ್ಲ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಕಾಡಿನ ಮನೆ ಮತ್ತು ಒಬ್ಬನೇ ಹುಡುಗ.

ನಿಜವಾದ ಓಟದ ಚರಿತ್ರೆ ಬೇರೆ ಹೇಳುತ್ತದೆ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದವರು ರೋಜರ್ ಬ್ಯಾನಿಸ್ಟರ್, 1954ರ ಮೇ 6ರಂದು, ಆಕ್ಸ್‌ಫರ್ಡಿನಲ್ಲಿ, 3 ನಿಮಿಷ 59.4 ಸೆಕೆಂಡುಗಳಲ್ಲಿ. ಅಂದು ಅವರ ಮುಂದೆ ಓಡಿ ವೇಗ ಕಾಯ್ದುಕೊಟ್ಟವರು ಇಬ್ಬರು ಸ್ನೇಹಿತರು. ಮೊದಲು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ. ಅವರಿಬ್ಬರೂ ತಮ್ಮ ಗೆಲುವಿನ ಆಸೆ ಬದಿಗಿಟ್ಟದ್ದರಿಂದ ಆ ದಾಖಲೆ ಆಯಿತು.

ಅದಕ್ಕಿಂತಲೂ ನಮ್ಮನ್ನು ತಟ್ಟಿದ ಘಟನೆ ಪಾರ್ಕರ್ ಅವರ ಸ್ವಂತ ಬಳಗದ್ದೇ. ಅವರ ಜೊತೆ ಫ್ಲಾರಿಡಾ ಟ್ರ್ಯಾಕ್ ಕ್ಲಬ್ಬಿನಲ್ಲಿ ಓಡುತ್ತಿದ್ದವರು ಫ್ರಾಂಕ್ ಶಾರ್ಟರ್, ಜ್ಯಾಕ್ ಬ್ಯಾಚೆಲರ್, ಜೆಫ್ ಗ್ಯಾಲೊವೇ ಮೊದಲಾದವರು. 1972ರಲ್ಲಿ ಯೂಜೀನ್ ನಗರದಲ್ಲಿ ಒಲಿಂಪಿಕ್ ತಂಡದ ಆಯ್ಕೆಗಾಗಿ ಮ್ಯಾರಥಾನ್ ನಡೆಯಿತು. ಮೂವರಿಗೆ ಮಾತ್ರ ಸ್ಥಾನ. ಶಾರ್ಟರ್ ಮತ್ತು ಕೆನಿ ಮೂರ್ ಎಂಬ ಇನ್ನೊಬ್ಬ ಓಟಗಾರ ಸ್ಪರ್ಧಿಗಳಾಗಿದ್ದೂ ಜೊತೆಯಾಗಿಯೇ ಗೆರೆ ದಾಟಿ ಮೊದಲ ಸ್ಥಾನ ಹಂಚಿಕೊಂಡರು. ಗ್ಯಾಲೊವೇ ಆಗಲೇ 10,000 ಮೀಟರ್ ಓಟಕ್ಕೆ ಆಯ್ಕೆಯಾಗಿದ್ದರು. ಅವರು ಇಡೀ ದಾರಿ ಬ್ಯಾಚೆಲರ್ ಜೊತೆಗೇ ಓಡಿ, ಕೊನೆಯ ಗೆರೆಯ ಹತ್ತಿರ ತಾವು ಹಿಂದೆ ಸರಿದು, ಮೂರನೇ ಸ್ಥಾನವನ್ನು ಗೆಳೆಯನಿಗೆ ಬಿಟ್ಟುಕೊಟ್ಟರು. ಮ್ಯೂನಿಕ್‌ನಲ್ಲಿ ಶಾರ್ಟರ್ ಚಿನ್ನ ಗೆದ್ದರು, ಮೂರ್ ನಾಲ್ಕನೆಯವರಾದರು, ಬ್ಯಾಚೆಲರ್ ಒಂಬತ್ತನೆಯವರಾದರು. ಗ್ಯಾಲೊವೇ ಮುಂದೆ ಸಾಮಾನ್ಯ ಜನರಿಗೆ ಓಡಲು ಕಲಿಸಿದರು. ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡುವ ಕ್ರಮವನ್ನು ಜನಪ್ರಿಯ ಮಾಡಿದವರು ಅವರೇ. ನಮ್ಮ ಸಕ್ಕರೆ ಕಾಯಿಲೆಯ ಮಾಮ ಇಂದಿಗೂ ಓಡುವುದು ಅದೇ ಕ್ರಮದಲ್ಲಿ.

ಲೇಖಕರ ಮಗ್ಗುಲಲ್ಲೇ ಇಂಥ ಕತೆ ಇತ್ತು. ಒಬ್ಬ ಗೆಳೆಯ ಇನ್ನೊಬ್ಬನಿಗಾಗಿ ಗೆರೆಯ ಮುಂದೆ ಹೆಜ್ಜೆ ನಿಧಾನ ಮಾಡಿದ್ದು, ವೇಷ ಹಾಕಿ ಗೆಲ್ಲುವ ಕತೆಗಿಂತ ನಮಗೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಬರೆದಿದ್ದರೆ ಇಷ್ಟು ಹೆಸರು ಬರುತ್ತಿತ್ತೋ ಇಲ್ಲವೋ, ಓಡುವ ನಮಗೆ ಮಾತ್ರ ತುಂಬ ಹತ್ತಿರವಾಗುತ್ತಿತ್ತು.

ಹಾಗೆಂದು ಪುಸ್ತಕ ಓದಬೇಡಿ ಎನ್ನುತ್ತಿಲ್ಲ. ಬೆಳಿಗ್ಗೆ ಏಳಲು ಸೋಮಾರಿತನವಾಗುವವರು ಖಂಡಿತ ಓದಿ, ಕಾಲು ತಾನಾಗಿ ಶೂ ಹುಡುಕುತ್ತದೆ. ಆದರೆ ತಂದೆತಾಯಂದಿರಲ್ಲಿ ಒಂದು ವಿನಂತಿ. ಓಟದ ಹುಚ್ಚು ಹಿಡಿದ ಮಗನೋ ಮಗಳೋ ಒಬ್ಬರೇ ಓಡಲು ಹೊರಟು, ಊಟ ಕಡಿಮೆ ಮಾಡಿ, ನೋವು ಮುಚ್ಚಿಟ್ಟರೆ ಅದನ್ನು ಶಿಸ್ತು ಎಂದು ಹೊಗಳಬೇಡಿ. ಕೂತು ಮಾತಾಡಿ. ಓಡುವ ತಮ್ಮ ತಂಗಿಯರಲ್ಲಿ ಇನ್ನೊಂದು ವಿನಂತಿ. ನಿಮಗಿಂತ ನಿಧಾನ ಓಡುವವರ ಜೊತೆ ವಾರಕ್ಕೆ ಒಂದು ದಿನವಾದರೂ ಓಡಿ. ನಿಮ್ಮ ವೇಗಕ್ಕೆ ಅದರಿಂದ ನಷ್ಟವೇನೂ ಇಲ್ಲ. ಅವರಿಗೆ ಆ ಒಂದು ದಿನ ಓಟ ಹಗುರವಾಗುತ್ತದೆ.

ಕಾಲು ನೋಯಿಸಿಕೊಂಡ ನಮ್ಮ ತಮ್ಮ ಈಗ ಮತ್ತೆ ಓಡುತ್ತಿದ್ದಾನೆ, ನಮ್ಮೆಲ್ಲರ ಜೊತೆಗೆ. ಡಾಕ್ಟರ್ ಹೇಳಿದಂತೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆ ಒಂದು ನಿಮಿಷ ನಾವೂ ನಡೆಯುತ್ತೇವೆ.