ಹೊಳೆ ಬದಿಯ ಒಲೆ



ನವರಾತ್ರಿ ಮುಗಿಯಿತು. ನಮ್ಮ ಮಂಗಳೂರಿನ ಬೀದಿಗಳಲ್ಲಿ ಹುಲಿವೇಷದ ತಾಸೆಯ ಸದ್ದು ನಿಂತಿತು. ಮಳೆಗಾಲವಿಡೀ ಕೆಂಪಾಗಿ ಉಕ್ಕಿ ಹರಿದ ಹೊಳೆಗಳು ತಿಳಿಯಾಗಿ, ತಳದ ಕಲ್ಲು ಕಾಣುವ ಕಾಲವಿದು. ಇಂಥ ಹೊತ್ತಿನಲ್ಲಿ ಮನೆಯ ಗಂಡಸರಿಗೆ ಎಲ್ಲಿಂದಲೋ ಒಂದು ಹುರುಪು ಬರುತ್ತದೆ. "ಎರಡು ದಿನ ಹೊಳೆ ಬದಿಗೆ ಹೋಗುವ, ಡೇರೆ ಹಾಕುವ, ಗಾಳ ಹಾಕುವ, ಮಕ್ಕಳಿಗೂ ಖುಷಿ!"

"ಹೋಗುವ" ಎಂದು ಹೇಳುವವರು ಅವರು. ಹೊರಡುವುದಕ್ಕೆ ಎರಡು ದಿನ ಮೊದಲೇ ಮೆಣಸು ಹುರಿಯಲು ಕೂರುವವರು ಯಾರೆಂದು ನಾನು ಹೇಳಬೇಕೇ?

ಮೊದಲ ಸಲ ನಾವು ಮೂರು ಸಂಸಾರಗಳು ಕೂಡಿ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಉಪ್ಪಿನಂಗಡಿಯಿಂದ ಮೇಲೆ, ನೇತ್ರಾವತಿಯ ದಡದಲ್ಲಿ ನನ್ನ ದೊಡ್ಡಮ್ಮನದೊಂದು ಅಡಿಕೆ ತೋಟವಿದೆ. ತೋಟದ ಅಂಚಿನಲ್ಲಿ ಟಾರ್ಪಾಲಿನ ಡೇರೆ, ಮೂರು ಕಲ್ಲಿನ ಒಲೆ. ಗಂಡಸರು ಬೆಳಿಗ್ಗೆ ಚಹಾ ಕುಡಿದು ಹೊಳೆಗೆ ಇಳಿದರೆ ಮತ್ತೆ ಬರುವುದು ಊಟಕ್ಕೆ. ನಾವು ಹೆಂಗಸರು ದೋಸೆ, ಗಂಜಿ, ಸಾರು, ಮತ್ತೆ ಚಹಾ ಎಂದು ಹೊಗೆಯಲ್ಲೇ ಕಣ್ಣುಜ್ಜಿಕೊಂಡೆವು. ಮನೆಗೆ ಬಂದ ಮೇಲೆ ಪಕ್ಕದ ಮನೆಯವರು "ಹೊಳೆ ಹೇಗಿತ್ತು?" ಎಂದು ಕೇಳಿದಾಗ ನನಗೆ ಉತ್ತರವೇ ಹೊಳೆಯಲಿಲ್ಲ. ಪಾತ್ರೆ ತೊಳೆದ ಜಾಗ ಬಿಟ್ಟರೆ ನಾನು ಹೊಳೆಯನ್ನು ನೋಡಿಯೇ ಇರಲಿಲ್ಲ! ಅಡುಗೆಮನೆಯನ್ನು ಹೊತ್ತುಕೊಂಡು ಹೋಗಿ, ಅದನ್ನೇ ಹೊತ್ತುಕೊಂಡು ಬಂದದ್ದಾಯಿತು.

ಕಳೆದ ವರ್ಷದ ದಸರಾ ರಜೆಯಲ್ಲಿ ಮಾತ್ರ ಸಂಗತಿ ಬೇರೆಯಾಯಿತು. ಅದನ್ನು ಹೇಳಲೆಂದೇ ಈ ಸಲ ಕುಳಿತಿದ್ದೇನೆ.

ಅಮೆರಿಕದಲ್ಲಿರುವ ನಾದಿನಿಯ ಮಗ ಆಗ ರಜೆಗೆ ಬಂದಿದ್ದ. ಅಲ್ಲಿ ಈ ಕಾಲಕ್ಕೆ ಮರದ ಎಲೆಗಳೆಲ್ಲ ಕೆಂಪು, ಹಳದಿಯಾಗಿ ಉದುರುತ್ತವಂತೆ. ಚಳಿ ಬೀಳುವ ಮುಂಚೆ ಜನ ಸಂಸಾರ ಸಮೇತ ಕಾಡಿಗೆ ಹೋಗಿ ಡೇರೆ ಹಾಕಿ, ಟ್ರೌಟ್ ಎಂಬ ಮೀನಿಗೆ ಗಾಳ ಹಾಕುತ್ತಾರಂತೆ. ನೀಲಗಿರಿಯ ತಣ್ಣನೆಯ ತೊರೆಗಳಿಗೆ ಬ್ರಿಟಿಷರು ತಂದು ಬಿಟ್ಟದ್ದೂ ಈ ಟ್ರೌಟ್ ಜಾತಿಯ ಮೀನನ್ನೇ. ಹುಡುಗ ತನ್ನ ಗಾಳದ ಕೋಲನ್ನೂ ತಂದಿದ್ದ. ಅದಕ್ಕೆ ಎರೆಹುಳು ಬೇಡ. ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿದ ಪುಟ್ಟ ಕೊಕ್ಕೆ. ಫ್ಲೈ ಫಿಶಿಂಗ್ ಎನ್ನುತ್ತಾರೆ. ನೊಣಕ್ಕೆ ತೂಕವೇ ಇಲ್ಲದ್ದರಿಂದ ದಾರವನ್ನೇ ತುಸು ಭಾರವಾಗಿ ಮಾಡಿ, ಚಾಟಿ ಬೀಸಿದ ಹಾಗೆ ಹಿಂದಕ್ಕೂ ಮುಂದಕ್ಕೂ ಬೀಸಿ ನೀರ ಮೇಲೆ ಇಳಿಸಬೇಕು. ಮೀನು ಅದನ್ನು ನಿಜವಾದ ಹುಳವೆಂದು ನಂಬಬೇಕು.

ಹುಡುಗ ಬೀಸಿದ್ದೇ ಬೀಸಿದ್ದು. ಒಂದು ಸಲ ಹಿಂದಿನ ಅಡಿಕೆ ಮರಕ್ಕೆ ಸಿಕ್ಕಿತು, ಇನ್ನೊಂದು ಸಲ ನಮ್ಮವರ ಟೊಪ್ಪಿಗೆ! ಅತ್ತ ನನ್ನ ದೊಡ್ಡಮ್ಮ, ಎಪ್ಪತ್ತೆಂಟು ವರ್ಷದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದಿರ ಕೋಲಿಗೆ ಎರೆಹುಳು ಚುಚ್ಚಿ ಬಂಡೆಯ ನೆರಳಲ್ಲಿ ಕುಳಿತವರು ಅರ್ಧ ಗಂಟೆಯಲ್ಲಿ ನಾಲ್ಕು ಮೀನು ಎತ್ತಿದ್ದರು. "ದೊಡ್ಡಮ್ಮಾ, ನಿಮಗೆ ಗಾಳ ಹಾಕ್ಲಿಕ್ಕೆ ಯಾವಾಗ ಬಂತು?" ಎಂದೆ. "ಮದುವೆಗೆ ಮೊದಲು ಬರ್ತಿತ್ತು ಮಗಾ. ಆಮೇಲೆ ಕೋಲು ಹಿಡಿಯುವ ಕೈಗೆ ಸೌಟು ಬಂತು" ಎಂದರು. ನಗುತ್ತಲೇ ಹೇಳಿದ ಮಾತು. ನನಗೆ ಮಾತ್ರ ನಗು ಬರಲಿಲ್ಲ.

ಆ ಸಂಜೆ ಹುಡುಗನ ನೊಣಗಳೆಲ್ಲ ಮರಕ್ಕೆ ಸಿಕ್ಕಿ ಮುಗಿದುಹೋದವು. "ಮಾಮಿ, ಹುಂಜದ ಕುತ್ತಿಗೆಯ ಗರಿ ಸಿಕ್ಕಿದರೆ ಹೊಸತು ಕಟ್ಟಬಹುದಿತ್ತು" ಎಂದ. ದೊಡ್ಡಮ್ಮನ ಕೋಳಿಗೂಡಿನಲ್ಲಿ ಉದುರಿದ ಗರಿಗೆ ಬರವೇ? ನನ್ನ ಚೀಲದಲ್ಲಿ ಹೊಲಿಗೆಯ ನೂಲೂ ಇತ್ತು. ಕೊಕ್ಕೆಯ ಬುಡದಿಂದ ನೂಲು ಸುತ್ತುತ್ತ ಬಂದು, ಗರಿಯನ್ನು ಎರಡು ಸುತ್ತು ಹಾಕಿ, ತಲೆಯಲ್ಲಿ ಗಂಟು ಬಿಗಿಯುವುದು, ಅಷ್ಟೆ. ಕಸೂತಿ ಹಾಕಿದ ಕೈಗೆ ಇದು ಎಷ್ಟರ ಕೆಲಸ? ಲಾಟೀನು ಬೆಳಕಿನಲ್ಲಿ ನಾವು ಮೂವರು ಹೆಂಗಸರು ಹನ್ನೆರಡು ನೊಣ ಕಟ್ಟಿದೆವು. ಹುಡುಗ ಅವನ್ನು ಅಂಗೈಯಲ್ಲಿಟ್ಟು, "ಅಂಗಡಿಯದ್ದಕ್ಕಿಂತ ಇದೇ ಚಂದ" ಎಂದ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ನಮ್ಮವರ ಕೈಗೆ ಚಹಾದ ಪಾತ್ರೆ ಕೊಟ್ಟು, ಹುಡುಗನ ಜೊತೆ ಹೊಳೆಗೆ ಇಳಿದೆ. ನೀರು ಕಲ್ಲಿನ ಮೇಲೆ ಜುಳುಜುಳು ಹರಿಯುವಲ್ಲಿ ನೊಣ ಬಿಟ್ಟೆ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ ದಾರ ಜಗ್ಗಿತು ನೋಡಿ! ಗೇಣುದ್ದದ, ಬೆಳ್ಳಿಯಂಥ ಮೀನು. "ಕೈ ಒದ್ದೆ ಮಾಡಿ ಮುಟ್ಟಿ ಮಾಮಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರ್ತದೆ" ಎಂದ. ಕೊಕ್ಕೆಯ ಮುಳ್ಳನ್ನು ಅವನು ಮೊದಲೇ ಇಕ್ಕಳದಿಂದ ಅದುಮಿದ್ದರಿಂದ ಸಲೀಸಾಗಿ ಬಿಡಿಸಿಕೊಂಡಿತು. ನೀರಿನಲ್ಲೇ ಹಿಡಿದು, ಅದಕ್ಕೆ ಉಸಿರು ಬಂದ ಮೇಲೆ ಬಿಟ್ಟೆ. ಸಾರಿಗೆ ಸಾಕಾಗುವಷ್ಟು ದೊಡ್ಡಮ್ಮ ಹಿಡಿದಿದ್ದರಲ್ಲ, ನನ್ನದು ಬದುಕಿಕೊಳ್ಳಲಿ ಎನಿಸಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಅದೇ ಮಧ್ಯಾಹ್ನ ನಮ್ಮವರ ಸ್ನೇಹಿತರೊಬ್ಬರು, ಇಪ್ಪತ್ತು ವರ್ಷದ ಬಳಕೆಯವರು, ಎಲ್ಲಿಂದಲೋ ಒಂದು ಪೊಟ್ಟಣ ತಂದರು. ತೋಟೆ! ಕಲ್ಲುಕೋರೆಯಲ್ಲಿ ಬಂಡೆ ಒಡೆಯಲು ಇಡುವ ಮದ್ದು. "ಈ ಗಾಳದಲ್ಲಿ ಎಂತ ಸಿಗ್ತದೆ ಮಾರಾಯ್ರೆ? ಕೆಳಗಿನ ಗುಂಡಿಗೆ ಒಂದು ಹಾಕಿದರೆ ಎರಡು ಬುಟ್ಟಿ ಮೀನು. ಅತ್ತಿಗೆ, ಮಸಾಲೆ ರೆಡಿ ಮಾಡಿ ಇಡಿ" ಎಂದರು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ, ಸ್ನೇಹದ ದಾಕ್ಷಿಣ್ಯ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಹೇಳಿಬಿಟ್ಟೆ: "ಆ ಮೀನಿಗೆ ನಾನು ಮಸಾಲೆ ಅರೆಯುವುದಿಲ್ಲ." ಅವರು ತಮಾಷೆ ಎಂದುಕೊಂಡು ನಕ್ಕರು. ಆಗ ಅವರ ಹೆಂಡತಿಯೇ, ಅದುವರೆಗೆ ಗಟ್ಟಿಯಾಗಿ ಮಾತಾಡದಿದ್ದವಳು, "ನಾನೂ ಅರೆಯುವುದಿಲ್ಲ" ಎಂದಳು. ದೊಡ್ಡಮ್ಮ ಎದ್ದು ಬಂದು ಒಲೆಗೆ ಒಂದು ಚೆಂಬು ನೀರು ಸುರಿದರು. "ಈ ಗುಂಡಿಯಲ್ಲಿ ಮರಿಗಳುಂಟು. ಮದ್ದು ಹಾಕುವುದಾದರೆ ಬೇರೆಯವರ ತೋಟ ನೋಡಿಕೊಳ್ಳಿ" ಎಂದರು.

ಅವರ ಮುಖ ಕೆಂಪಾಯಿತು. ಪೊಟ್ಟಣ ಎತ್ತಿಕೊಂಡು ಹೊರಟೇ ಹೋದರು. ಒಂದು ಸ್ನೇಹ ನನ್ನಿಂದ ಮುರಿಯಿತಲ್ಲ ಎಂದು ಆ ಮಧ್ಯಾಹ್ನವಿಡೀ ನನಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ತೋಟೆ ಹಾಕಿದರೆ ಏನಾಗುತ್ತದೆಂದು ನಮ್ಮಲ್ಲಿ ಹಲವರಿಗೆ ತಿಳಿಯದು. ಆ ಹೊಡೆತಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ದೊಡ್ಡದು, ಮರಿ, ಮೊಟ್ಟೆ ಎಂಬ ಭೇದವಿಲ್ಲದೆ ಸಾಯುತ್ತವೆ. ತೇಲಿಬಂದ ಕೆಲವನ್ನು ನಾವು ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ಮುಳುಗಿದವು ತಳದಲ್ಲೇ ಕೊಳೆಯುತ್ತವೆ. ಕೈಯಲ್ಲೇ ಸಿಡಿದು ಬೆರಳು ಕಳೆದುಕೊಂಡವರೂ ಇದ್ದಾರೆ. ಹೊಳೆಗೆ ಮದ್ದು, ವಿಷ ಹಾಕಿ ಮೀನು ಕೊಲ್ಲಬಾರದೆಂದು 1897ರಷ್ಟು ಹಿಂದೆಯೇ ಕಾನೂನು ಬಂದಿದೆ. ಇಂದಿಗೂ ಅದು ಅಪರಾಧವೇ.

ಈ ಚಿಂತೆ ಅದಕ್ಕೂ ಹಳೆಯದು. ಎಚ್. ಎಸ್. ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ದಕ್ಷಿಣ ಕನ್ನಡದಲ್ಲಿ ಕೆಲಸಕ್ಕಿದ್ದಾಗ ಇಲ್ಲಿನ ಹೊಳೆಗಳಲ್ಲಿ ಮರಿಮೀನುಗಳು ನಾಶವಾಗುವುದನ್ನು ಕಂಡು, 1870ರಲ್ಲೇ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. ಅವರ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಭಾರತದಲ್ಲಿ ಗಾಳ ಹಾಕುವವರಿಗೆಲ್ಲ ಕೈಪಿಡಿಯಾಯಿತು. ಅದು 1873ರಲ್ಲಿ ಮೊದಲು ಪ್ರಕಟವಾದದ್ದು ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನಲ್ಲಿ! ಅಮೆರಿಕದಿಂದ ಬಂದ ಹುಡುಗ ಇದನ್ನು ನನಗೆ ಹೇಳಬೇಕಾಯಿತು.

ನಮ್ಮ ಹಿರಿಯರ ದಾರಿ ಇನ್ನೂ ಸರಳ. ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ನೀವು ಹೋಗಿರಬಹುದು. ಶಿಶಿಲೇಶ್ವರನ ಎದುರು ಕಪಿಲಾ ಹೊಳೆಯ ಮೀನುಗಳು ದೇವರ ಮೀನುಗಳು. ಅವನ್ನು ಯಾರೂ ಹಿಡಿಯುವುದಿಲ್ಲ. ಮಕ್ಕಳು ಅಕ್ಕಿ, ಮಂಡಕ್ಕಿ ಹಾಕಿದರೆ ಹಿಂಡುಹಿಂಡಾಗಿ ಮೇಲೆ ಬರುತ್ತವೆ. 1996ರಲ್ಲಿ ಅಂಥ ನೀರಿಗೂ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರವರು ಅವಕ್ಕೊಂದು ಸ್ಮಾರಕ ಕಟ್ಟಿದ್ದಾರೆ. ಮನುಷ್ಯರು ಮೀನಿಗಾಗಿ ಅತ್ತದ್ದಕ್ಕೆ ಅದು ಸಾಕ್ಷಿ.

ಮೈಸೂರು ಸೀಮೆಯಲ್ಲಿ 1946ರಲ್ಲಿ ವ್ಯಾನ್ ಇಂಗೆನ್ ಎಂಬವರ ಗಾಳಕ್ಕೆ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಬಿದ್ದಿತ್ತು. ಒಬ್ಬ ಗೃಹಿಣಿಯಷ್ಟು ತೂಕ! ಕಾವೇರಿಯ ಆ ಡುಬ್ಬದ ಮಹಸೀರನ್ನು 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಇಂಥ ಮೀನುಗಳು ಹೊಳೆಯಿಂದ ಹೋದದ್ದು ಒಂದೇ ದಿನದಲ್ಲಲ್ಲ.

ಆದ್ದರಿಂದ ಸೋದರಿಯರೇ, ನಾನು ಹೇಳುವುದು ಇಷ್ಟೇ. ಹೊಳೆ ಬದಿಯ ಒಲೆ ನಮ್ಮ ಕೈಯಲ್ಲಿದೆಯಲ್ಲವೇ? ಮೀನು ಹೇಗೆ ಬಂತೆಂದು ಕೇಳಿಯೇ ಅದನ್ನು ಹಚ್ಚೋಣ. ಮತ್ತೆ, ಒಂದು ಹೊತ್ತಾದರೂ ಆ ಒಲೆಯನ್ನು ಬೇರೆಯವರಿಗೆ ಬಿಟ್ಟು, ಹೊಳೆಯನ್ನು ಕಣ್ತುಂಬ ನೋಡೋಣ.

ಹೊರಡುವವರಿಗೆ ಕೆಲವು ಕಿವಿಮಾತು. ಡೇರೆಯನ್ನು ಮರಳಿನ ಮೇಲೆ ಹಾಕಬೇಡಿ. ಎತ್ತರದ ದಡದಲ್ಲಿ ಹಾಕಿ. ಈ ತಿಂಗಳ ಗುಡುಗುಮಳೆ ಸಂಜೆ ಘಟ್ಟದಲ್ಲಿ ಸುರಿದರೆ, ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣಿಸವು. ಮಕ್ಕಳನ್ನು ಹಿರಿಯರಿಲ್ಲದೆ ನೀರಿಗೆ ಬಿಡಬೇಡಿ. ಇಂಬಳಕ್ಕೆ ಉಪ್ಪಿನ ಪೊಟ್ಟಣ ಇರಲಿ. ಅಭಯಾರಣ್ಯದೊಳಗೆ, ದೇವಸ್ಥಾನದ ನೀರಿನಲ್ಲಿ ಗಾಳ ಬೇಡವೇ ಬೇಡ. ಕಡಿದುಹೋದ ಗಾಳದ ದಾರವನ್ನು ಹೆಕ್ಕಿ ತನ್ನಿ. ಹಕ್ಕಿಗಳ ಕಾಲಿಗೆ ಅದು ಉರುಳು. ಅಡುಗೆಯ ಸರದಿಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಅದರಲ್ಲಿ ಗಂಡಸರ ಹೆಸರೂ ಇರಲಿ.

ಡೇರೆಗೆ ಒಯ್ಯಲು ಪುಳಿಮುಂಚಿ ಮಸಾಲೆ ಒಳ್ಳೆಯದು. ಇದಕ್ಕೆ ತೆಂಗಿನಕಾಯಿ ಇಲ್ಲವಾದ್ದರಿಂದ ಬೇಗ ಹಳಸುವುದಿಲ್ಲ. ಒಂದು ಕಿಲೋ ಮೀನಿಗೆ 20 ಬ್ಯಾಡಗಿ ಮೆಣಸು, 2 ಚಮಚ ಕೊತ್ತಂಬರಿ, 1 ಚಮಚ ಜೀರಿಗೆ, 10 ಕಾಳುಮೆಣಸು, ಕಾಲು ಚಮಚದಷ್ಟು ಮೆಂತೆ, ಅಷ್ಟೇ ಓಮ ಇವನ್ನು ಬೇರೆಬೇರೆಯಾಗಿ ಬೆಚ್ಚಗೆ ಹುರಿಯಿರಿ. ಅರ್ಧ ಚಮಚ ಅರಶಿನ, ಆರು ಎಸಳು ಬೆಳ್ಳುಳ್ಳಿ, ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆದು ಡಬ್ಬಿಗೆ ತುಂಬಿ. ಅಲ್ಲಿ ಮಣ್ಣಿನ ಪಾತ್ರೆಯಲ್ಲಿ ಮಸಾಲೆ, ಉಪ್ಪು, ನೀರು, ಜಜ್ಜಿದ ಶುಂಠಿ ಕುದಿಸಿ, ಮೀನು ಹಾಕಿ ಹತ್ತು ನಿಮಿಷ ಬೇಯಿಸಿದರೆ ಆಯಿತು. ಸೌಟಿನಿಂದ ಕದಡಬೇಡಿ, ಪಾತ್ರೆಯನ್ನೇ ಅಲುಗಾಡಿಸಿ. ಇದು ಗಂಡಸರಿಂದಲೂ ಸಾಧ್ಯ. ಮೀನು ತಿನ್ನದವರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಸಾಲದೇ?

ಆ ಸ್ನೇಹಿತರ ಕತೆ ಏನಾಯಿತೆಂದು ಕೇಳುತ್ತೀರಿ. ಅವರು ರಾತ್ರಿ ಬರಿಗೈಯಲ್ಲಿ ಹಿಂದೆ ಬಂದರು. ಮಾತಿಲ್ಲದೆ ಗಂಜಿ ಉಂಡು ಮಲಗಿದರು. ನನ್ನೊಡನೆ ಇಂದಿಗೂ ಮೊದಲಿನ ಹಾಗೆ ನಗುವುದಿಲ್ಲ. ಸುಳ್ಳು ಏಕೆ ಹೇಳಲಿ? ಆದರೆ ಮೊನ್ನೆ ಅವರ ಹೆಂಡತಿ ಫೋನು ಮಾಡಿದ್ದಳು. "ಅಕ್ಕಾ, ಈ ವರ್ಷ ಯಾವಾಗ ಹೋಗುವುದು? ಇವರು ಮಗಳಿಗೊಂದು ಬಿದಿರ ಕೋಲು ಕಡಿದು ಇಟ್ಟಿದ್ದಾರೆ. ಗರಿಯ ನೊಣ ಕಟ್ಟುವುದನ್ನು ನಾನು ಅವಳಿಗೆ ಹೇಳಿಕೊಟ್ಟೆ."

ನಾನು ಹುಂಜದ ಗರಿ ಹೆಕ್ಕಿ ಇಡಲು ದೊಡ್ಡಮ್ಮನಿಗೆ ಆಗಲೇ ಹೇಳಿ ಕಳುಹಿಸಿದ್ದೇನೆ.