ಶೀರ್ಷಿಕೆಯ ಹುಲಿ

‘ತ್ಯಾವರೆಕೊಪ್ಪದಲ್ಲಿ ಹೊರಬಂತು ಹುಲಿ!’ ಇಂಥದೊಂದು ಶೀರ್ಷಿಕೆಯನ್ನು ಊಹಿಸಿಕೊಳ್ಳಿ. ಒಳಗೆ ಓದಿದರೆ, ಹುಲಿ ಬೋನಿನಿಂದ ಸಫಾರಿಯ ಆವರಣಕ್ಕೆ ಬಂದಿದೆ, ಅಷ್ಟೆ. ಪದಗಳಲ್ಲಿ ಸುಳ್ಳಿಲ್ಲ, ಮೋಸ ಹೋದವನು ಮಾತ್ರ ಓದುಗ.

1998ರಲ್ಲಿ ಬ್ರಿನ್ ಮತ್ತು ಪೇಜ್ ಮಂಡಿಸಿದ ಗೂಗಲ್ ಸೂತ್ರವು, ವಿದ್ವಾಂಸರ ಉಲ್ಲೇಖಗಳನ್ನು ಎಣಿಸುವಂತೆ, ಒಂದು ಪುಟಕ್ಕೆ ಇತರರು ಕೊಟ್ಟ ಲಿಂಕ್‌ಗಳನ್ನು ಮನ್ನಣೆಯೆಂದು ಎಣಿಸಿತು. ಲಿಂಕ್‌ಗೆ ಬೆಲೆ ಬಂದೊಡನೆ, ಲಿಂಕ್‌ಗೆಂದೇ ಶೀರ್ಷಿಕೆ ಹೆಣೆಯುವ ಕಸುಬೂ ಹುಟ್ಟಿತು. ಅಳತೆಗೋಲೇ ಗುರಿಯಾದರೆ ಅದು ಅಳತೆಗೋಲಾಗಿ ಉಳಿಯದು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಆಡಿದ ಮಾತಿನ ಸಾರವಿದು.

ಶೋಧಯಂತ್ರಕ್ಕೆಂದೇ ಬರೆದ ಪುಟಗಳನ್ನು ಹಿಂದೆ ಸರಿಸಲು 2022ರಲ್ಲಿ ಗೂಗಲ್ ಸೂತ್ರವನ್ನು ತಿದ್ದಿತು. ಯಂತ್ರವನ್ನು ತಿದ್ದಿದರೆ ಸಾಲದೆಂಬುದು ನನ್ನ ಅನಿಸಿಕೆ. ಹುಲಿ ನಿಜಕ್ಕೂ ತಪ್ಪಿಸಿಕೊಂಡ ದಿನ ಊರು ಶೀರ್ಷಿಕೆಯನ್ನು ನಂಬಬೇಕು. ಆ ನಂಬಿಕೆ ಸಾರ್ವಜನಿಕ ಆಸ್ತಿ. ಅದನ್ನು ದುಂದುಮಾಡುವ ಅಧಿಕಾರ ಯಾವ ಸಂಪಾದಕನಿಗೂ ಇಲ್ಲ.