ಬ್ಯಾರೆಲ್ ಬೆಲೆ ನೋಡಿಕೊಂಡು ಸಂಶೋಧನೆ ನಡೆಯುವುದಿಲ್ಲ

ಪೆಟ್ರೋಲ್, ಡೀಸೆಲ್ ಬೆಲೆ ಏರಿದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ. ತುಟ್ಟಿಯಾಗಲಿ ಬಿಡಿ, ಬಿಸಿ ಮುಟ್ಟಿದರೆ ವಿಜ್ಞಾನಿಗಳು ತಾವಾಗಿಯೇ ಪರ್ಯಾಯ ಹುಡುಕುತ್ತಾರೆ, ಸರ್ಕಾರ ತಲೆ ಹಾಕದೆ ಮಾರುಕಟ್ಟೆಗೆ ಬಿಟ್ಟರೆ ಸಾಕು ಎಂಬ ಮಾತು. ಇದಕ್ಕೆ ಪಾವಗಡದ ಸೋಲಾರ್ ಪಾರ್ಕನ್ನೇ ಸಾಕ್ಷಿಯಾಗಿ ಮುಂದಿಡುವವರೂ ಇದ್ದಾರೆ. ತುಮಕೂರು ಜಿಲ್ಲೆಯ ತಾಲ್ಲೂಕುಗಳಲ್ಲಿ ನಡೆದಿರುವ ಇಂಧನ ಪ್ರಯೋಗಗಳನ್ನು ಸ್ವಲ್ಪ ಕೆದಕಿದರೆ ಈ ಸಾಕ್ಷಿ ಉಲ್ಟಾ ಹೊಡೆಯುತ್ತದೆ.

ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ, ತಿರುಮಣಿ ಸುತ್ತಮುತ್ತಲ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಜಮೀನಿದ್ದವರಿಗೆ ಬರುತ್ತಿದೆ. ಆ ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದ ಕೂಲಿಯವರ ಪಾಲಿಗೇನು ಎಂಬುದು ಬೇರೆಯದೇ ಜಗಳ. ಆದರೆ ಈ ಪಾರ್ಕ್ ಎಣ್ಣೆಗೆ ಪರ್ಯಾಯವಲ್ಲ. ನಮ್ಮ ದೇಶದಲ್ಲಿ ಎಣ್ಣೆ ಉರಿಸಿ ತಯಾರಾಗುವ ವಿದ್ಯುತ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ತಿರುಮಣಿಯ ಬಿಸಿಲು ಉಳಿಸುವುದು ಕಲ್ಲಿದ್ದಲನ್ನು. ಎಣ್ಣೆ ಹೋಗುವುದು ಶಿರಾ ಹೆದ್ದಾರಿಯ ಲಾರಿಗಳಿಗೆ, ಬಸ್ಸಿಗೆ, ಬೈಕಿಗೆ, ಹೊಲ ಉಳುವ ಟ್ರ್ಯಾಕ್ಟರಿಗೆ. ಅದಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ನಾವು ಹೊರಗಿನಿಂದ ತರುತ್ತೇವೆ. ಇನ್ನು ಆ ಫಲಕವಾದರೂ ಎಣ್ಣೆ ತುಟ್ಟಿಯಾದದ್ದಕ್ಕೆ ಹುಟ್ಟಿದ್ದೇ? ಸಿಲಿಕಾನ್ ಸೌರಕೋಶ ಹೊರಬಂದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಿಂದ. ಆಗ ಎಣ್ಣೆ ಅಗ್ಗದ ಸರಕು. ಯಾರಿಗೂ ಎಟುಕದ ಬೆಲೆಯ ಆ ಕೋಶವನ್ನು ಬದುಕಿಸಿದ್ದು ಖರ್ಚಿನ ಲೆಕ್ಕ ಕೇಳದ ಉಪಗ್ರಹ ಕಾರ್ಯಕ್ರಮ. ಮುಂದೆ ಅಗ್ಗವಾಗಿಸಿದ್ದು 2000ದಲ್ಲಿ ಜರ್ಮನಿ ತಂದ ಖಾತರಿ ದರದ ಕಾನೂನು ಮತ್ತು ಅದರ ಹಿಂದೆಯೇ ಚೀನಾ ಕಟ್ಟಿದ ಕಾರ್ಖಾನೆಗಳು. ಇವುಗಳಲ್ಲಿ ಯಾವುದನ್ನೂ ಪೆಟ್ರೋಲ್ ಬಂಕಿನ ಬೋರ್ಡು ತೀರ್ಮಾನಿಸಲಿಲ್ಲ.

ಎಣ್ಣೆಯ ಜಾಗಕ್ಕೆ ನಿಜವಾಗಿ ಬರುತ್ತಿರುವುದು ಬ್ಯಾಟರಿ. ಅದರ ಕಥೆ ಮಾರುಕಟ್ಟೆವಾದಿಗಳಿಗೆ ಇನ್ನೂ ಕಹಿ. 1973ರ ತೈಲ ಬಿಕ್ಕಟ್ಟಿನಲ್ಲಿ ಬ್ಯಾರೆಲ್ ಬೆಲೆ ಸುಮಾರು ಮೂರು ಡಾಲರಿನಿಂದ ಹನ್ನೆರಡರ ಹತ್ತಿರಕ್ಕೆ ಜಿಗಿಯಿತು. ಆ ದಶಕದಲ್ಲಿ ಎಕ್ಸಾನ್ ಎಂಬ ತೈಲ ಕಂಪನಿಯಲ್ಲೇ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಬ್ಯಾಟರಿ ಮಾಡಿ ತೋರಿಸಿದರು. ಬೆಲೆ ಪ್ರೇರಣೆಯಾಗುತ್ತದೆ ಎನ್ನುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಎಣ್ಣೆ ಬೆಲೆ ಇಳಿಯಿತು, ಕಂಪನಿ ಆ ಕೆಲಸಕ್ಕೆ ಬೀಗ ಹಾಕಿತು. ಎಳೆ ಕಡಿಯದಂತೆ ಹಿಡಿದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಗುಡೆನಫ್, ಜಪಾನಿನ ಅಕಿರಾ ಯೋಶಿನೊ. 1991ರಲ್ಲಿ ಅದನ್ನು ಮಾರುಕಟ್ಟೆಗೆ ತಂದ ಸೋನಿ ಕಂಪನಿಗೆ ಬೇಕಿದ್ದದ್ದು ಕೈಯಲ್ಲಿ ಹಿಡಿಯುವ ಕ್ಯಾಮೆರಾಗೆ ಹಗುರ ಬ್ಯಾಟರಿ; ಕಾರು, ಸ್ಕೂಟರಿನ ಯೋಚನೆ ಆಗ ಮುಖ್ಯವಾಗಿರಲಿಲ್ಲ. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ. ಬೆಲೆ ಏರಿದರೆ ಹುರುಪು, ಇಳಿದರೆ ಬೀಗ: ಮೂವತ್ತು ವರ್ಷ ಬೇಡುವ ಕೆಲಸವನ್ನು ಈ ಕೈಗೆ ಒಪ್ಪಿಸಲಾಗದು.

ನಮ್ಮಲ್ಲೇ ಇನ್ನೊಂದು ಬಗೆಯ ಪ್ರೇರಣೆ ಕೆಲಸ ಮಾಡಿದ್ದುಂಟು. ವಿದ್ಯುತ್‌ರಸಾಯನದಲ್ಲಿ ಜಗತ್ತೇ ಓದುವ ಪಠ್ಯ ಬರೆದವರಲ್ಲಿ ಒಬ್ಬರಾದ ಅಮೂಲ್ಯ ರೆಡ್ಡಿ, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರ ಕಟ್ಟಿ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಬಂದರು. ಹಳ್ಳಿಯ ಹೆಂಗಸರ ಹೊತ್ತು ಸೌದೆ, ನೀರು ಹೊರುವುದರಲ್ಲೇ ಏಕೆ ಸವೆಯುತ್ತದೆ ಎಂಬುದು ಆ ತಂಡಕ್ಕೆ ಸಂಶೋಧನೆಯ ಪ್ರಶ್ನೆಯಾಗಿತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಅಲ್ಲಿಂದ ಬಂತು. ಸೌದೆಯನ್ನು ಅನಿಲವಾಗಿಸಿ ಎಂಜಿನ್ ಓಡಿಸುವ ಗ್ಯಾಸಿಫೈಯರ್ ಕೂಡ ಇದೇ ವಿಜ್ಞಾನ ಸಂಸ್ಥೆಯಲ್ಲಿ ಪಳಗಿದ ತಂತ್ರ. ಅದನ್ನೇ ಕೊರಟಗೆರೆ, ಮಧುಗಿರಿ, ಶಿರಾ ಸೇರಿ ಜಿಲ್ಲೆಯ ಕೆಲವು ತಾಲ್ಲೂಕುಗಳ ಹಳ್ಳಿಗಳಿಗೆ ವಿಶ್ವಸಂಸ್ಥೆಯ ನೆರವಿನ ಯೋಜನೆಯೊಂದು ಒಯ್ದಿತು. ಕಬ್ಬಿಗೆರೆಯಲ್ಲಿ ನೀಲಗಿರಿ ಸೌದೆಯಿಂದ ತಯಾರಾದ ವಿದ್ಯುತ್ತು 2007ರಲ್ಲಿ ಬೆಸ್ಕಾಂ ಜಾಲ ಸೇರಿತು. ಗ್ರಾಮ ಪಂಚಾಯಿತಿಯೊಂದು ಕರೆಂಟು ಮಾರಿದ ಸುದ್ದಿ ದೇಶವೆಲ್ಲ ಓಡಾಡಿತು.

ಸರ್ಕಾರಿ ದುಡ್ಡಿನ ಪ್ರಯೋಗ ಕೊನೆಗೆ ಏನಾಯಿತು ನೋಡಿ, ಬಾಳಲಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಹೌದು, ಬಾಳಲಿಲ್ಲ. ಆದರೆ ಸೋತದ್ದು ಯಾವುದು? ಎಂಜಿನ್ ಓಡಿತು, ಅನಿಲ ಶುದ್ಧವಾಗಿತ್ತು. ಯೂನಿಟ್ಟಿಗೆ ಸಿಕ್ಕ ದರ 2.85 ರೂಪಾಯಿ, ಸೌದೆ, ಸಂಬಳ, ರಿಪೇರಿಗೆ ಅದು ಸಾಲುತ್ತಿರಲಿಲ್ಲ. ಹಳ್ಳಿಯ ಫೀಡರಿನಲ್ಲಿ ಕರೆಂಟು ಹೋದಾಗಲೆಲ್ಲ ಘಟಕವೂ ನಿಲ್ಲಬೇಕಿತ್ತು. ಪ್ರಯೋಗಾಲಯಕ್ಕೆ ಹಣ ಕೊಟ್ಟು, ಬಳಕೆಯ ಮೊದಲ ವರ್ಷಗಳಲ್ಲಿ ಕೈಬಿಟ್ಟರೆ ಆಗುವುದೇ ಹೀಗೆ. ಜರ್ಮನಿ ಸೋಲಾರಿಗೆ ಕೊಟ್ಟಂಥ ಖಾತರಿ ದರವನ್ನು ನಾವು ಕಬ್ಬಿಗೆರೆಗೆ ಕೊಡಲಿಲ್ಲ. ಬೆಲೆಗೆ ಕೆಲಸವಿಲ್ಲವೆಂದು ನಾನು ಹೇಳುತ್ತಿಲ್ಲ. ಸಿದ್ಧವಾದ ತಂತ್ರವನ್ನು ಜನ ಕೊಳ್ಳುವಂತೆ ಮಾಡುವುದು ಬೆಲೆಯೇ. ಇನ್ನೂ ಹುಟ್ಟದ್ದನ್ನು ಹುಟ್ಟಿಸುವ ಕೆಲಸ ಅದರದ್ದಲ್ಲ.

ಈಗಿನ ನೀತಿ ಈ ವ್ಯತ್ಯಾಸವನ್ನೇ ಮರೆತಿದೆ. ಕೇಂದ್ರ ಸಂಪುಟ 2025ರ ಜುಲೈನಲ್ಲಿ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿ ಮುಖ್ಯವಾಗಿ ಖಾಸಗಿ ವಲಯಕ್ಕೆ, ಅದೂ ಅರ್ಧ ದಾರಿ ದಾಟಿ ಮಾರುಕಟ್ಟೆ ಕಾಣುತ್ತಿರುವ ತಂತ್ರಗಳಿಗೆ. ದೇಶ ಸಂಶೋಧನೆಗೆ ಹಾಕುವುದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64ರಷ್ಟು. ಇಷ್ಟು ಕಡಿಮೆ ಬಿತ್ತನೆ ಮಾಡಿ ಕೊಯ್ಲಿಗೆ ಮಾತ್ರ ಸಾಲ ಕೊಟ್ಟರೆ ನಾಳೆಯ ಬ್ಯಾಟರಿಯನ್ನೂ ಫಲಕದಂತೆಯೇ ಹೊರಗಿನಿಂದ ತರಿಸಿ ತಿರುಮಣಿಯ ಹೊಲದಲ್ಲಿ ನಿಲ್ಲಿಸುತ್ತೇವೆ. ಎಣ್ಣೆಯ ಹಂಗು ಹೋಗಿ ಇನ್ನೊಬ್ಬರ ಹಂಗು ಬರುತ್ತದೆ. ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ ಕೈಯಳತೆಯಲ್ಲೇ ಇದೆ. ಪಾವಗಡದ ಪಾರ್ಕಿನ ಆದಾಯದಲ್ಲಿ ಒಂದು ಪಾಲನ್ನು ಕನಿಷ್ಠ ಇಪ್ಪತ್ತು ವರ್ಷದ ಮಟ್ಟಿಗೆ ತೆಗೆದಿಟ್ಟು, ವಿದ್ಯುತ್ ಶೇಖರಣೆ ಮತ್ತು ಡೀಸೆಲ್ ಬೇಡದ ಕೃಷಿ ಯಂತ್ರಗಳ ಸಂಶೋಧನೆಗೆ ವಿಜ್ಞಾನ ಸಂಸ್ಥೆಯನ್ನೂ ತುಮಕೂರು ವಿಶ್ವವಿದ್ಯಾಲಯವನ್ನೂ ಜೊತೆಗೂಡಿಸಲಿ. ಕಚ್ಚಾ ತೈಲ ಅಗ್ಗವಾದ ವರ್ಷವೂ ಆ ಹಣ ಕಡಿತವಾಗಬಾರದು ಎಂಬ ಷರತ್ತನ್ನು ಆದೇಶದಲ್ಲೇ ಬರೆಯಲಿ.